ಇಲ್ನೋಡ್ಲೇ, ಟೈಗರ್

ನನಗೆ ಜಂಬ ಕಡಿಮೆ ಎಂದು ಯಾರಾದರೂ ಹೇಳಿದರೆ, ಅವರು ನನ್ನನ್ನು ಹತ್ತಿರದಿಂದ ಬಲ್ಲವರಲ್ಲ ಎಂದು ತಿಳಿಯಿರಿ. ನನ್ನ ಹೋಳಿಗೆ ಹರಿಯುವುದಿಲ್ಲ, ನನ್ನ ಉಪ್ಪಿನಕಾಯಿ ಕೆಡುವುದಿಲ್ಲ, ನಾನು ಹಾಕಿದ ರಂಗೋಲಿಯ ಗೆರೆ ಸೊಟ್ಟಗಾಗುವುದಿಲ್ಲ. ಇವನ್ನೆಲ್ಲ ಯಾರೂ ಕೇಳದೆಯೇ ಹೇಳುವ ಅಭ್ಯಾಸ ನನಗಿದೆ. ಆದರೆ ಇವು ಚಿಲ್ಲರೆ ಜಂಬಗಳು. ನನ್ನ ಇಡಿಗಂಟಿನ ಜಂಬ ಬೇರೆಯೇ ಇದೆ. ಎದುರಿಗೆ ಇನ್ನೊಂದು ನಾಯಿ ಕಂಡರೆ ಸಾಕು, ಹೋಗಿ ಅದರ ಕುತ್ತಿಗೆಗೆ ಬೀಳುತ್ತಿದ್ದ ಒಂದು ಆಲ್ಸೇಷನ್ ನಾಯಿ, ಎದುರಿನದನ್ನು ಬಿಟ್ಟು ನನ್ನ ಮುಖ ನೋಡುವಂತೆ ಮಾಡಿದವಳು ನಾನು. ಆ ಕಾಲದಲ್ಲಿ ನಮ್ಮ ಹೊಸಪೇಟೆ ಕಡೆ ಜನ ದೊಡ್ಡ ದೊಡ್ಡ ಕೆಲಸ ಮಾಡಿದರು. ಗುಡ್ಡಗಳನ್ನೇ ಅಗೆದು ಹಡಗು ಹತ್ತಿಸಿದರು. ಅವರ ಕೆಲಸ ಅವರಿಗೆ. ನಾನು ಒಂದು ನಾಯಿಯ ಕತ್ತನ್ನು ಗೇಣುದ್ದ ಈಚೆ ತಿರುಗಿಸಿದೆ.

ಅದಿರಿನ ಕಾಲ ಅದು. ಸಂಡೂರಿನ ಗುಡ್ಡದಿಂದ ಟಿಪ್ಪರುಗಳು ಇರುವೆ ಸಾಲಿನ ಹಾಗೆ ಇಳಿಯುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆ ಕಾವಿ ಬಣ್ಣಕ್ಕೆ ತಿರುಗಿ ಒಳಗೆ ಬರುತ್ತಿತ್ತು. ನಮ್ಮ ಯಜಮಾನರದು ಸಂಡೂರು ರಸ್ತೆಯಲ್ಲಿ ಟೈರ್ ಅಂಗಡಿ. ಟಿಪ್ಪರ್ ಓಡಿದಷ್ಟೂ ಟೈರ್ ಸವೆಯುತ್ತದೆ, ಆದ್ದರಿಂದ ಆ ಧೂಳನ್ನು ಬಾಯಿತುಂಬ ಬೈಯುವ ಹಕ್ಕು ನಮಗೆ ಪೂರ್ತಿಯಾಗಿ ಇರಲಿಲ್ಲ. ಅರ್ಧ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ಸಂಡೂರಿನಲ್ಲಿದ್ದ ನನ್ನ ಮೈದುನ ಸ್ವಂತ ಟಿಪ್ಪರುಗಳನ್ನೇ ಇಟ್ಟ. ಟಿಪ್ಪರಿನ ಹಿಂದೆ ಬಂಗಲೆ ಬಂತು, ಬಂಗಲೆಯ ಹಿಂದೆ ಗೇಟು ಬಂತು, ಇಷ್ಟು ದೊಡ್ಡ ಗೇಟಿಗೆ ನಾಯಿ ಇಲ್ಲದಿದ್ದರೆ ನೋಡಿದವರು ಏನಂದುಕೊಂಡಾರು ಎಂದು ನಾಯಿ ಬಂತು. ಅದಕ್ಕೆ ಟೈಗರ್ ಎಂದು ಹೆಸರಿಟ್ಟರು. ಆ ಓಣಿಯ ಎಲ್ಲ ಮನೆಗಳಿಗೂ ಇದೇ ಕ್ರಮದಲ್ಲಿ ನಾಯಿ ಬಂದಿತ್ತು. ಗೇಟಿನ ಆಚೆ ಈಚೆ ಅವು ಬೊಗಳಾಡಿದರೆ ಮಾಲೀಕರಿಗೆ ಖುಷಿ, ತಾವೇ ಬೊಗಳಿದಷ್ಟು ಸಮಾಧಾನ. ಆದರೆ ಟೈಗರ್ ಬೊಗಳುವುದಕ್ಕೇ ನಿಲ್ಲಲಿಲ್ಲ. ಒಂದು ದಿನ ಸರಪಳಿ ಕಿತ್ತುಕೊಂಡು ಗೇಟು ಹಾರಿ ಎದುರುಮನೆ ನಾಯಿಯ ಕಿವಿ ಹರಿದುಬಿಟ್ಟ. ಎದುರುಮನೆಯವರು ಮೈದುನನ ಜೊತೆ ವ್ಯವಹಾರ ಇದ್ದವರು. ಟೈಗರನನ್ನು ಜೀಪಿಗೆ ಹಾಕಿ ನಮ್ಮ ಮನೆ ಮುಂದೆ ತಂದು ಇಳಿಸಿದರು.

ನನ್ನ ಓರಗಿತ್ತಿ, ಅಂದರೆ ಆ ಮೈದುನನ ಹೆಂಡತಿ, ಜೀಪಿನಿಂದ ಇಳಿಯದೆಯೇ ಹೇಳಿದಳು: "ಅಕ್ಕಾ, ನೀವು ಇದರ ಸಲುವಾಗಿ ತಲಿ ಕೆಡಿಸ್ಕೋಬ್ಯಾಡ್ರಿ. ಸ್ವಲ್ಪ ದಿನ ಇರ್ಲಿ, ಆಮ್ಯಾಲೆ ಪ್ಲಾಟಿಗೆ ಹಾಕ್ತೀವಿ. ಇದನ್ನ ತಿದ್ದೋದು ಯಾರ ಕೈಲಿಂದನೂ ಆಗಂಗಿಲ್ಲ."

ಪ್ಲಾಟು ಎಂದರೆ ಅದಿರು ರಾಶಿ ಹಾಕುವ ಬಯಲು. ಅಲ್ಲಿ ಕಾವಲು ನಾಯಿಗೆ ಒಂದು ಗೂಟ, ಒಂದು ಸರಪಳಿ, ನಾಲ್ಕೂ ಕಡೆ ಕೆಂಪು ರಾಶಿ. ನೆರಳು ಎಂದರೆ ನಿಂತ ಲಾರಿಯದು, ಅದೂ ತುಂಬಿದ ಮೇಲೆ ಹೊರಟುಹೋಗುತ್ತದೆ. ಅಲ್ಲಿಗೆ ಹೋದ ನಾಯಿ ಮತ್ತೆ ಮನೆ ಕಂಡದ್ದನ್ನು ನಾನು ಕೇಳಿಲ್ಲ. ಟೈಗರನ ಮೇಲೆ ಕನಿಕರ ಬಂದದ್ದು ನಿಜ. ಆದರೆ ಸುಳ್ಳೇಕೆ ಹೇಳಲಿ, ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಆ 'ಯಾರ ಕೈಲಿಂದನೂ ಆಗಂಗಿಲ್ಲ' ಎಂಬ ಮಾತು. ಆ 'ಯಾರ'ದಲ್ಲಿ ನಾನೂ ಸೇರಿದ್ದೆನಲ್ಲ.

ಮೊದಲು ಸ್ನಾನ ಮಾಡಿಸಿದೆ. ಬಚ್ಚಲಿನಲ್ಲಿ ಕೆಂಪು ನೀರು ಹರಿದು ಹರಿದು, ಕೊನೆಗೆ ಒಳಗಿನಿಂದ ಕಪ್ಪು ಬೆನ್ನಿನ, ಗೋಧಿ ಬಣ್ಣದ ಕಾಲಿನ ಚೆಲುವನೊಬ್ಬ ಹೊರಬಂದ. ಅವತ್ತಿನಿಂದ ನನಗೆ ಅವನು 'ಅದು' ಆಗಲಿಲ್ಲ. ಕಂಪ್ಲಿ ತವರಿನ ನನ್ನ ಅತ್ತೆ ಮಾತ್ರ ಕಟ್ಟೆಯ ಮೇಲೆ ಕೂತು ಮೂಗು ಮುರಿದರು. ಅವರ ನಾಲಿಗೆಗೆ ಟೈಗರ್ ಹೊರಳಲಿಲ್ಲ, 'ಟೈಗ್ರ್ಯಾ' ಆಯಿತು. ಅವನು ಆ ಹೆಸರಿಗೂ ಓಗೊಟ್ಟ. ಮನುಷ್ಯರ ವಿಷಯದಲ್ಲಿ ಅವನಷ್ಟು ಸಂಭಾವಿತ ನಮ್ಮ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಹಾಲಿನವನು, ಗ್ಯಾಸಿನವನು, ಚಂದಾ ಕೇಳಲು ಬಂದವರು, ಎಲ್ಲರಿಗೂ ಬಾಲ ಅಲ್ಲಾಡಿಸುತ್ತಿದ್ದ. ಆದರೆ ಬೀದಿಯ ತಿರುವಿನಲ್ಲಿ ಒಂದು ಬಡಕಲು ಕಂತ್ರಿ ನಾಯಿ ಕಂಡರೂ ಮುಗಿಯಿತು, ಬೆನ್ನಿನ ಕೂದಲು ಬಾಚಣಿಗೆಯಂತೆ ಎದ್ದು ನಿಂತು, ಚೈನು ಹಿಡಿದ ನಾನು ಅವನ ಹಿಂದೆ ಜಾರುಗಾಡಿಯಾಗುತ್ತಿದ್ದೆ.

ಸಲಹೆಗಳಿಗೆ ನಮ್ಮೂರಿನಲ್ಲಿ ಎಂದೂ ಬರಗಾಲವಿಲ್ಲ. ಲಿಂಗವಂತರ ಮನೆ ಸೇರಿ ನಾಯಿಗೆ ಮಾಂಸ ಸಿಗುತ್ತಿಲ್ಲ, ಅದಕ್ಕೇ ಸಿಟ್ಟು ಎಂದರು ಕೆಲವರು. ಸಂಡೂರಿನಲ್ಲಿ ದಿನಾ ಮಾಂಸ ತಿಂದೇ ಅವನು ಕಿವಿ ಹರಿದದ್ದು ಎಂದೆ. ಎರಡು ಬಾರಿಸಿ ಎಂದರು ಇನ್ನು ಕೆಲವರು. ಹೊಡೆದರೆ ಎದುರಿನ ನಾಯಿಯಿಂದಲೇ ತನಗೆ ಏಟು ಬಿತ್ತೆಂದು ಅವನು ತಿಳಿಯುವುದಿಲ್ಲವೇ? ನಮ್ಮ ಯಜಮಾನರು ತಮ್ಮ ವ್ಯಾಪಾರದ ಬುದ್ಧಿಯಿಂದ, ಇಬ್ಬರನ್ನೂ ಹತ್ತಿರ ಕೂರಿಸಿ ರಾಜಿ ಮಾಡಿಸಿದರಾಯಿತು ಎಂದರು. ಅದನ್ನೊಂದು ಸಲ ಮಾಡಿ ನೋಡಿದೆವು. ರಾಜಿಗೆ ಬಂದ ಕಂತ್ರಿ ನಾಯಿ ಆಮೇಲೆ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿತು.

ನಾನು ಮಾಡುತ್ತಿದ್ದ ತಪ್ಪು ಇನ್ನೊಂದಿತ್ತು. ಅದನ್ನು ನಮ್ಮ ಕಡೆ ಎಲ್ಲರೂ ಮಾಡುತ್ತೇವೆ. ಬೀದಿನಾಯಿ ಕಂಡರೆ ನಮ್ಮ ಬಾಯಿ ತಾನಾಗಿ 'ಹಚಾ' ಎನ್ನುತ್ತದೆ, ಕೈ ತಾನಾಗಿ ಕಲ್ಲಿಗೆ ಬಾಗುತ್ತದೆ. ಟೈಗರ್ ಜಗಳ ಮಾಡದಿರಲಿ ಎಂದು ನಾನು ಎದುರಿನ ನಾಯಿಗೆ 'ಹಚಾ ಹಚಾ' ಎಂದು ಕೂಗುತ್ತಿದ್ದೆ. ಕಟ್ಟೆಯಿಂದ ಅತ್ತೆ ಕೂಗುತ್ತಿದ್ದರು. ಎದುರುಮನೆಯವರು ಕೂಗುತ್ತಿದ್ದರು. ಪಾಪ, ಅವನ ಲೆಕ್ಕದಲ್ಲಿ ಇನ್ನೊಂದು ನಾಯಿ ಬರುವುದೆಂದರೆ ಇಡೀ ಓಣಿಗೆ ಓಣಿಯೇ ಹೆದರಿ ಚೀರುವಂಥ ವಿಪತ್ತು. ಮನೆಯವರೆಲ್ಲ ಹೀಗೆ ಬಾಯಿ ಬಾಯಿ ಬಡಿದುಕೊಳ್ಳುವಾಗ ಅವನು ಸುಮ್ಮನೆ ಹೇಗೆ ಕೂತಾನು? ಒಂದು ದಿನ ಗಂಟಲು ಕಟ್ಟಿ ನನಗೆ ಕೂಗಲು ಆಗಲಿಲ್ಲ. ಆಗ ಮಾತ್ರ ಅವನನ್ನು ಸರಿಯಾಗಿ ನೋಡಿದೆ. ಬೊಗಳುವ ಮುಂಚೆ ಅವನ ಬಾಲ ಕಾಲ ಸಂದಿಗೆ ಹೋಗುತ್ತಿತ್ತು. ಅಯ್ಯೋ ನಮ್ಮಪ್ಪ, ಇವನಿಗೆ ಸಿಟ್ಟಲ್ಲ, ಅಂಜಿಕೆ. ಮರಿಯಿದ್ದಾಗಿನಿಂದ ಗೇಟಿಗೆ ಕಟ್ಟಿಹಾಕಿದ್ದವನಿಗೆ ಇನ್ನೊಂದು ನಾಯಿ ಎಂದರೆ ಏನೆಂದೇ ತಿಳಿದಿರಲಿಲ್ಲ. ತಾನು ಕಟ್ಟಿಸಿಕೊಂಡಿರುವಾಗ ಅದು ಬಿಡಿಸಿಕೊಂಡು ಬರುತ್ತದೆ ಎಂಬುದಷ್ಟೇ ಗೊತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ 'ಹಚಾ' ಬಂದ್ ಮಾಡಿಸಿದೆ. ಅತ್ತೆಗೆ ಇದು ಉಪವಾಸಕ್ಕಿಂತ ಕಷ್ಟವಾಯಿತು.

ಅಂಜಿದವನಿಗೆ ಬೇಕಾದದ್ದು ದೂರ. ಹೊಸಪೇಟೆಯ ಓಣಿಯಲ್ಲಿ ದೂರ ಎಲ್ಲಿಂದ ತರುವುದು? ನಮ್ಮ ಪುಣ್ಯ, ಊರಿಗೆ ಕಾಲುವೆ ಇದೆ. ಬಾಳೆ ತೋಟದ ಅಂಚಿಗೆ ದೊಡ್ಡ ಕಾಲುವೆ, ಅದರ ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಊರಿನ ನಾಯಿಗಳು, ನಡುವೆ ತುಂಗಭದ್ರೆಯ ನೀರು. ಅವು ಈಚೆ ಬರುವಂತಿಲ್ಲ, ಇವನು ಆಚೆ ಹೋಗುವಂತಿಲ್ಲ. ದಿನಾ ಬೆಳಿಗ್ಗೆ ಖಡಕ್ ರೊಟ್ಟಿಗೆ ಕೆನೆ ಸವರಿ, ಚೂರು ಮಾಡಿ, ಸೊಂಟಕ್ಕೆ ಸಿಕ್ಕಿಸಿದ ಸಂಚಿಯಲ್ಲಿ ತುಂಬಿಕೊಂಡು ಹೊರಡುತ್ತಿದ್ದೆ. ಸಂಚಿ ಅತ್ತೆಯದು, ಎಲೆ ಅಡಿಕೆ ಇಡುವಂಥದ್ದು. ಹಲ್ಲು ಹೋದ ಮೇಲೆ ಅವರು ಅಡಿಕೆ ಬಿಟ್ಟಿದ್ದರು, ಸಂಚಿ ಬಿಟ್ಟಿರಲಿಲ್ಲ.

"ನನ್ನ ತವರುಮನಿ ಸಂಚಿ, ನಾಯಿ ರೊಟ್ಟಿಗೇನವ್ವ?" ಎಂದರು. ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಎರಡನೆಯದನ್ನೇ ಹಿಡಿದುಕೊಂಡು ತೆಗೆದುಕೊಂಡೆ.

ಆಚೆ ದಂಡೆಯಲ್ಲಿ ನಾಯಿ ಕಂಡ ಕೂಡಲೆ, ಇವನ ಬಾಲ ಒಳಗೆ ಹೋಗುವ ಮುಂಚೆಯೇ ಮೆತ್ತಗೆ "ಇಲ್ನೋಡ್ಲೇ" ಎನ್ನುವುದು. ನೋಡಿದರೆ ಒಂದು ಚೂರು. ಮತ್ತೆ ನಾಯಿ, ಮತ್ತೆ "ಇಲ್ನೋಡ್ಲೇ", ಮತ್ತೆ ಚೂರು. ಇಷ್ಟೇ ನನ್ನ ವಿದ್ಯೆ. ಓರಗಿತ್ತಿಯ ಓಣಿಯ ನಾಯಿಗಳೆಲ್ಲ ಇಂಗ್ಲಿಷಿನಲ್ಲಿ ಕೂರುತ್ತಿದ್ದವು, ಇಂಗ್ಲಿಷಿನಲ್ಲಿ ಏಳುತ್ತಿದ್ದವು. ನನ್ನವನು ಹೊಸಪೇಟೆ ಕನ್ನಡದಲ್ಲಿ ನೋಡಿದ. ದೊಡ್ಡ ಕಾಲುವೆಯಲ್ಲಿ ಪಾಸಾದ ಮೇಲೆ ಮರಿಗಾಲುವೆಗೆ ಬಂದೆವು. ಅಲ್ಲಿ ನೀರಿನ ಅಗಲ ಕಡಿಮೆ, ಆಚೆಯ ನಾಯಿ ಇನ್ನೂ ಹತ್ತಿರ. ಕೆಲವು ವಾರಗಳಲ್ಲಿ ಆಚೆ ದಂಡೆಯ ನಾಯಿ ಕಂಡರೆ ನಾನು ಹೇಳುವ ಮುಂಚೆಯೇ ಅವನು ತಿರುಗಿ ನನ್ನ ಮುಖ ನೋಡತೊಡಗಿದ. ನಾನು ಮನೆಗೆ ಬಂದು ಹೇಳಿಕೊಂಡೆ. ಅಂಗಡಿಗೆ ಹೋಗಿ ಹೇಳಿಕೊಂಡೆ. ಸಂಡೂರಿಗೆ ಫೋನು ಮಾಡಿ, ಬೇರೇನೋ ಮಾತಾಡುವವಳ ಹಾಗೆ ಮಾತಾಡಿ, ನಡುವೆ ಇದನ್ನೂ ಹೇಳಿಕೊಂಡೆ.

ಆದರೆ ಕಾಲುವೆಗೂ ಒಂದು ರಜೆ ಇರುತ್ತದೆ ಎಂಬುದನ್ನು ಮರೆತಿದ್ದೆ. ಬೇಸಿಗೆಯಲ್ಲಿ ದುರಸ್ತಿಗೆಂದು ನೀರು ನಿಲ್ಲಿಸುತ್ತಾರೆ. ಗದ್ದೆ ಮಾಡುವ ಯಾವ ಹೆಂಗಸೂ ಇದನ್ನು ಮರೆಯುವುದಿಲ್ಲ, ಟೈರ್ ಅಂಗಡಿಯವಳು ಮರೆತೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಾಲುವೆಯಲ್ಲಿ ಬರೀ ಕೆಸರು. ಆಚೆ ದಂಡೆಯ ನಾಯಿ, ಇಷ್ಟು ದಿನ ತನ್ನನ್ನು ನೋಡಿಕೊಂಡೇ ರೊಟ್ಟಿ ತಿಂದವನನ್ನು ವಿಚಾರಿಸೋಣವೆಂದು, ಕಾಲುವೆಗೆ ಇಳಿದು ನೇರ ಈಚೆಗೆ ನಡೆದುಬಂತು. ಮುಂದಿನದನ್ನು ವಿವರಿಸುವುದಿಲ್ಲ. ಆ ನಾಯಿ ತಪ್ಪಿಸಿಕೊಂಡಿತು. ನಾನು ಮಂಡಿ ತರಚಿಕೊಂಡು, ಸೀರೆಯ ತುಂಬ ಕೆಸರು ಮಾಡಿಕೊಂಡು, ಕುಂಟುತ್ತ ಮನೆಗೆ ಬಂದೆ. ಹಿಂದೆ ಟೈಗರ್, ತಲೆ ತಗ್ಗಿಸಿ.

ಅತ್ತೆ ನನ್ನ ಮಂಡಿಗೆ ಅರಿಶಿಣ ಹಚ್ಚುತ್ತ ಹೇಳಿದರು: "ಸಾಕು ಮಾಡವ್ವ. ಮುಂದಿನ ತಿಂಗಳು ಮನ್ಯಾಗ ದೋಣಿ ತುಂಬಸೋದು ಐತಿ. ಅಷ್ಟರಾಗ ಇದನ್ನ ಸಂಡೂರಿಗೆ ಕಳಿಸು."

ಇದರ ಹಿನ್ನೆಲೆ ಹೇಳದಿದ್ದರೆ ನಿಮಗೆ ಅತ್ತೆ ಕಠಿಣ ಮನಸ್ಸಿನವರೆನಿಸೀತು. ನಮ್ಮ ಮನೆದೇವರು ಮೈಲಾರಲಿಂಗ. ಅವನ ಒಕ್ಕಲಾದ ಗೊರವರು ಅವನ ನಾಯಿಗಳು. ಕರಿ ಕಂಬಳಿ, ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರು. ಮನೆಯಲ್ಲಿ ಶುಭಕಾರ್ಯ ಆದ ಮೇಲೆ ಅವರನ್ನು ಕರೆಸಿ, ಅವರ ಬಟ್ಟಲಿಗೆ, ಅಂದರೆ ದೋಣಿಗೆ, ಹಾಲು ತುಪ್ಪ ಬಾಳೆಹಣ್ಣು ತುಂಬಿಸುತ್ತೇವೆ. ಅವರು ಮಂಡಿಯೂರಿ, ಗುರ್ರೆಂದು, ಬೊಗಳಿ, ಒಬ್ಬರ ದೋಣಿಗೆ ಒಬ್ಬರು ಬಾಯಿ ಹಾಕಿ, ಸಾಕ್ಷಾತ್ ನಾಯಿಗಳಂತೆ ಕಿತ್ತಾಡುತ್ತ ಉಣ್ಣುತ್ತಾರೆ. ದೊಡ್ಡ ಮನುಷ್ಯನೊಬ್ಬ ದೇವರ ಮುಂದೆ ನಾಯಿಯಾಗುವುದರಲ್ಲಿ ಎಂಥ ಹಿರಿಮೆ ಇದೆ ಎಂದು ನನಗೆ ಚಿಕ್ಕಂದಿನಲ್ಲಿ ತಿಳಿದಿರಲಿಲ್ಲ, ಈಗ ತಿಳಿಯುತ್ತದೆ. ನಾಯಿಯನ್ನು ನಮ್ಮ ಸೀಮೆ ಎಂದೂ ಬಾಗಿಲ ಹೊರಗಿಟ್ಟಿಲ್ಲ. ಭೈರವನ ಪಕ್ಕ ನಿಲ್ಲಿಸಿದ್ದೇವೆ. ಹಂಪಿಯ ಕಲ್ಲಿನಲ್ಲಿ ಆನೆ ಕುದುರೆಗಳ ಸಾಲಿನ ಜೊತೆ ಬೇಟೆ ನಾಯಿಗೂ ಜಾಗ ಸಿಕ್ಕಿದೆ. ಬೀದಿಯಲ್ಲಿ 'ಹಚಾ' ಎನ್ನುವುದೂ ನಾವೇ, ಕಲ್ಲಿನಲ್ಲಿ ಕೆತ್ತಿದವರೂ ನಾವೇ.

ತೊಡಕು ಇದ್ದದ್ದು ನಮ್ಮ ಮನೆಯ ಪದ್ಧತಿಯಲ್ಲಿ. ದೇವರ ನಾಯಿಗಳು ಬರುವ ದಿನ ಮನೆಯ ನಾಯಿಯನ್ನು ಕಟ್ಟುವಂತಿಲ್ಲ. ಅವರು ಉಂಡ ಮೇಲೆ ಮೊದಲ ತುತ್ತು ಅದಕ್ಕೆ, ಆಮೇಲೆ ನಮಗೆ. ಯಜಮಾನರು, ಆ ಒಂದು ದಿನ ಟೈಗರನನ್ನು ಅಂಗಡಿಯಲ್ಲಿ ಬಿಟ್ಟರೆ ಹೇಗೆ ಎಂದು ಕೇಳಿ ನೋಡಿದರು.

"ಮನಿ ನಾಯಿ ಅಂದ್ರ ಅವತ್ತು ಮನ್ಯಾಗ ಇರಬೇಕು," ಎಂದರು ಅತ್ತೆ. "ಅಂಗಡ್ಯಾಗ ಮುಚ್ಚಿಡೋದಾದ್ರ ಅದು ಮನಿ ನಾಯಿ ಹೆಂಗ ಆತು? ಪ್ಲಾಟಿಗೇ ಹೋಗ್ಲಿ ಬಿಡು. ಗೊರವಯ್ಯನ ಮೈಮ್ಯಾಲೆ ಬಿದ್ರ ನಾನು ದೇವರಿಗೆ ಏನಂತ ಹೇಳ್ಲಿ?"

ಅತ್ತೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಸಂಕಟ. ನಾನು, "ಅವತ್ತಿನ ತನಕ ಬಿಡ್ರಿ ಅತ್ತಿ, ಅವತ್ತು ಗುರ್ ಅಂದ್ರ ನಾನೇ ಜೀಪ್ ಹತ್ತಿಸ್ತೀನಿ" ಎಂದೆ. ಹೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಳುತ್ತ ಕೂತರೆ ನಾಯಿ ಕಲಿಯುತ್ತದೆಯೇ? ಗೊರವರು ಮನುಷ್ಯರು, ಸರಿ. ಆದರೆ ಬೊಗಳುತ್ತಾರೆ, ಮಂಡಿಯ ಮೇಲಿರುತ್ತಾರೆ, ಕಂಬಳಿಯ ಕೂದಲು ಬೇರೆ. ಟೈಗರನ ಲೆಕ್ಕದಲ್ಲಿ ಅವರು ಯಾವ ಜಾತಿ? ಅಭ್ಯಾಸಕ್ಕೆ ಒಬ್ಬರು ಬೇಕಿತ್ತು. ಹಿತ್ತಲಿನಲ್ಲಿ ಯಜಮಾನರಿಗೆ ಕಂಬಳಿ ಹೊದಿಸಿ, ಮುಂದೆ ಹಿತ್ತಾಳೆ ತಟ್ಟೆ ಇಟ್ಟು, ಬೊಗಳಿ ಎಂದೆ.

"ನನ್ನ ಗಿರಾಕಿಗಳು ಯಾರರ ನೋಡಿದ್ರ ಏನ್ ತಿಳ್ಕೋತಾರ?" ಎಂದರು.

"ಟೈರ್ ಅಂಗಡಿಯವರಿಗೆ ಭಕ್ತಿ ಭಾಳ ಅಂತಾರ್ರಿ, ಬೊಗಳ್ರಿ," ಎಂದೆ.

ಮೊದಲ ದಿನ ಅವರು ಬೊಗಳಿದ್ದು ಗಂಟಲು ಸರಿಮಾಡಿಕೊಂಡಂತಿತ್ತು. ಟೈಗರ್ ನನ್ನ ಮುಖ ನೋಡಿದ, ನಾನು ಕಲಿಸಿದ್ದಕ್ಕಲ್ಲ, ಈ ಮನೆಯ ಬಗ್ಗೆ ಅವನಿಗೇ ಸಂಶಯ ಬಂದು. ಕಟ್ಟೆಯಿಂದ ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಗೊರವಯ್ಯ ಹಂಗ ಬೊಗಳ್ತಾನೇನಲೇ? ಹೊಟ್ಟಿಲಿಂದ ಬೊಗಳಪ್ಪ" ಎಂದು ಮಗನನ್ನು ತಿದ್ದಿದರು. ಮರುದಿನ ತಾವೇ ಪೂಜೆಯ ಗಂಟೆ ಹಿಡಿದು ಬಂದು ಕೂತರು. ಅವರು ಗಂಟೆ ಬಾರಿಸುವುದು, ಇವರು ಬೊಗಳುವುದು, ನಾನು "ಇಲ್ನೋಡ್ಲೇ" ಎನ್ನುವುದು, ಅವನು ರೊಟ್ಟಿ ತಿನ್ನುವುದು. ದೂರದ ನುಗ್ಗೆ ಗಿಡದಿಂದ ಶುರುಮಾಡಿ ದಿನಕ್ಕಿಷ್ಟು ಹತ್ತಿರ ತಂದೆವು. ಕೊನೆಕೊನೆಗೆ ಯಜಮಾನರಿಗೇ ರುಚಿ ಹತ್ತಿ, ಊಟಕ್ಕೆ ಕರೆದರೆ ಹಿತ್ತಲಿನಿಂದ ಒಂದು ಬೊಗಳಿಕೆ ಕೇಳಿಬರುತ್ತಿತ್ತು.

ದೋಣಿಯ ದಿನ ಬಂತು. ಸಂಡೂರಿನಿಂದ ಮೈದುನ, ಓರಗಿತ್ತಿ ಜೀಪಿನಲ್ಲಿ ಬಂದರು. ಜೀಪಿನ ಹಿಂದುಗಡೆ ಹೊಸ ಸರಪಳಿ ಇತ್ತು, ನಾನು ನೋಡಿದೆ. ನೋಡಲಿ ಎಂದೇ ಇಟ್ಟಿದ್ದರೋ ಏನೋ, ನನಗೆ ಹಾಗೆ ಅನಿಸಿತು. ಅಂಗಳಕ್ಕೆ ಸೆಗಣಿ ಸಾರಿಸಿ, ಕಂಬಳಿ ಹಾಸಿ, ದೋಣಿಗಳನ್ನು ಇಡುವ ಹೊತ್ತಿಗೆ ಅತ್ತೆ ನನ್ನ ಸೊಂಟದ ಕಡೆ ನೋಡಿದರು. "ಸಂಚಿ ಬಿಚ್ಚಿಡವ್ವ. ದೇವರು ಉಣ್ಣೋ ತನಕ ಈ ಮನ್ಯಾಗ ಯಾರ ಬಾಯಿಗೂ ಒಂದು ಅಗಳು ಹೋಗಂಗಿಲ್ಲ."

ಇಷ್ಟು ದಿನ ತಾಲೀಮು ಮಾಡಿದೆವು, ಈ ಪದ್ಧತಿ ಮಾತ್ರ ನನಗೆ ನೆನಪಾಗಿರಲಿಲ್ಲ. ರೊಟ್ಟಿ ಇಲ್ಲದೆ ನನ್ನ ವಿದ್ಯೆಯಲ್ಲಿ ಇನ್ನೇನಿದೆ? ಸಂಚಿ ಬಿಚ್ಚಿ ಗೂಡಿನಲ್ಲಿಟ್ಟೆ.

"ಏಳ್ಕೋಟಿ ಏಳ್ಕೋಟಿ" ಎಂದು ಕೂಗುತ್ತ ಗೊರವರು ಅಂಗಳಕ್ಕೆ ಬಂದರು. ಡಮರು, ಗಂಟೆ, ಭಂಡಾರದ ಅರಿಶಿಣ. ಹಿರಿಯ ಗೊರವಯ್ಯ ಮಂಡಿಯೂರಿ ಹೊಟ್ಟೆಯಿಂದ ಒಂದು ಬೊಗಳಿಕೆ ತೆಗೆದ ನೋಡಿ, ನಮ್ಮ ಯಜಮಾನರದು ಬರೀ ಕೆಮ್ಮು ಎಂದು ಅವತ್ತು ತಿಳಿಯಿತು. ಉಳಿದವರು ಗುರ್ರೆಂದರು. ಹೊಸ್ತಿಲ ಬಳಿ ನನ್ನ ಪಕ್ಕ ನಿಂತಿದ್ದ ಟೈಗರನ ಬೆನ್ನಿನ ಕೂದಲು ಎದ್ದವು. ಬಾಲ ಒಳಗೆ ಹೋಯಿತು. ಅವನ ಕತ್ತಿಗೆ ಚೈನಿಲ್ಲ. ಗಂಟಲಲ್ಲಿ ಗುರ್ ಶುರುವಾದದ್ದು ನನ್ನ ಕಾಲಿಗೆ ತಗುಲಿದ ಅವನ ಪಕ್ಕೆಯಿಂದ ನನಗೆ ಗೊತ್ತಾಯಿತು. "ಇಲ್ನೋಡ್ಲೇ" ಎನ್ನಲು ಬಾಯಿ ತೆರೆದೆ.

ಮಾತು ಹೊರಡುವ ಮುಂಚೆ ಅವನೇ ತಿರುಗಿದ. ಮೊದಲು ನನ್ನ ಕೈ ನೋಡಿದ, ಖಾಲಿ. ಸೊಂಟ ನೋಡಿದ, ಸಂಚಿ ಇಲ್ಲ. ಆಮೇಲೆ ಮುಖ ನೋಡಿದ. ನೋಡಿದವನು ಕಣ್ಣು ಕೀಳಲಿಲ್ಲ. ಅಂಗಳದಲ್ಲಿ ದೇವರ ನಾಯಿಗಳು ಕಿತ್ತಾಡುತ್ತಿದ್ದರೆ, ನನ್ನ ನಾಯಿ ಗಂಟಲಿನ ಗುರ್ ಅನ್ನು ನುಂಗಿಕೊಂಡು, ತನ್ನ ಇಡೀ ಭಾರವನ್ನು ನನ್ನ ಪಾದಗಳ ಮೇಲೆ ಇಳಿಸಿ ಕೂತುಬಿಟ್ಟ. ಬೆರಳು ಜಜ್ಜಿಹೋದವು. ನಾನು ಅಲುಗಾಡಲಿಲ್ಲ.

ಹಿರಿಯ ಗೊರವಯ್ಯ ಗಡ್ಡದ ತುಂಬ ಹಾಲು ಮಾಡಿಕೊಂಡು, ಮಂಡಿಯ ಮೇಲೆಯೇ ಹೊಸ್ತಿಲ ತನಕ ಬಂದ. ಬಾಯಲ್ಲಿದ್ದ ಬಾಳೆಹಣ್ಣಿನ ತುಂಡನ್ನು ಟೈಗರನ ಮುಂದೆ ಇಟ್ಟ. ಟೈಗರ್ ಹಣ್ಣನ್ನು ನೋಡಿ, ಗೊರವಯ್ಯನನ್ನು ನೋಡಿ, ಮತ್ತೆ ನನ್ನನ್ನು ನೋಡಿದ. "ತಿನ್ನಪ್ಪ" ಎಂದೆ. ತಿಂದ.

ಅತ್ತೆ ಕಿರಿಯ ಮಗನ ಕಡೆ ತಿರುಗಿದರು. "ನಿನ್ನ ಪ್ಲಾಟಿಗೆ ಬ್ಯಾರೆ ನಾಯಿ ನೋಡ್ಕೊಳಪ್ಪ. ಇದು ನಮ್ಮ ಮನಿ ನಾಯಿ."

ಅವತ್ತು ಊಟದ ಸಾಲಿನಲ್ಲಿ ಇದೇ ಮಾತು. ಮೈಲಾರಪ್ಪನ ಮಹಿಮೆ ಎಂದರು ಬಂದವರು. ತಾವು ಗಂಟೆ ಬಾರಿಸಿ ಪಳಗಿಸಿದ್ದು ಎಂದರು ಅತ್ತೆ. ಹಿತ್ತಲಿನಲ್ಲಿ ಬೊಗಳಿ ಬೊಗಳಿ ತಮ್ಮ ಗಂಟಲೇ ಹೋಯಿತೆಂದರು ಯಜಮಾನರು. ಮೂರೂ ನಿಜವೇ, ನಾನು ತಕರಾರು ಮಾಡಲಿಲ್ಲ. ನನಗೆ ಆ ಹೊತ್ತಿನಲ್ಲಿ ಎಷ್ಟು ಹೆಮ್ಮೆ ಆಗಿತ್ತೆಂದರೆ, ಹೇಳಿಕೊಳ್ಳುವುದೇ ಮರೆತುಹೋಗಿತ್ತು. ಓರಗಿತ್ತಿ ಹೋಳಿಗೆ ಹಾಕಿಸಿಕೊಳ್ಳುತ್ತ, "ಅಕ್ಕಾ, ನಿಮ್ಮ ಕೈಯಾಗ ಏನೋ ಐತಿ ಬಿಡ್ರಿ" ಎಂದಳು. ಇಲ್ಲವ್ವ, ನನ್ನ ಕೈಯಲ್ಲಿ ಅವತ್ತು ಏನೂ ಇರಲಿಲ್ಲ. ಅದೇ ನನ್ನ ಹೆಮ್ಮೆ. ಇದನ್ನು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ಖಾಲಿ ಕೈ ನೋಡಿಯೂ ನನ್ನ ಮಾತು ಕೇಳುವ ನಾಯಿಗೆ ಇನ್ನು ರೊಟ್ಟಿ ಯಾಕೆ ಎಂದುಕೊಂಡು, ಖಾಲಿ ಸಂಚಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲುವೆಗೆ ಹೊರಟೆ. ದಂಡೆಯ ಮೇಲೆ, ಹಿಂದೆ ಕೆಸರು ದಾಟಿ ಬಂದಿದ್ದ ಅದೇ ನಾಯಿ ಎದುರಾಯಿತು. ಟೈಗರ್ ಅದನ್ನು ನೋಡಿದ, ತಿರುಗಿ ನನ್ನನ್ನು ನೋಡಿದ, ಲಕ್ಷಣವಾಗಿ ಕೂತ. ನಾನು ತಲೆ ಸವರಿ "ಶಾಣ್ಯಾ" ಎಂದೆ. ಅವನು ಕೂತೇ ಇದ್ದ. "ಭಾಳ ಶಾಣ್ಯಾ" ಎಂದೆ. ಅವನು ಸಂಚಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಸಂಚಿಯನ್ನು ನೋಡಿದ. ದೇವರ ಮುಂದೆ ಒಂದು ದಿನ ಉಪವಾಸ ಇರಬಹುದು, ದಿನಾ ಇರು ಎಂದರೆ ಯಾರು ಇರುತ್ತಾರೆ? ಅಲ್ಲಿಂದಲೇ ವಾಪಸು ತಿರುಗಿದೆ. ಕಟ್ಟೆಯ ಮೇಲೆ ಅತ್ತೆ ತಟ್ಟೆಯಲ್ಲಿ ರೊಟ್ಟಿ ಮುರಿದು, ಕೆನೆ ಸವರಿ, ಸಂಚಿಗಾಗಿ ಕಾಯುತ್ತ ಕೂತಿದ್ದರು.

"ಹೆಮ್ಮಿ ನಿನ್ನ ಹೊಟ್ಟಿ ತುಂಬಸ್ತೈತಿ," ಎಂದರು, "ಅವಂದು ತುಂಬಸ್ತೈತೇನು?"